ಮೂಲೆಯ ಲೇತಿಗೆ ಮೊದಲ ಪೂಜೆ

ಮುದಕಪ್ಪ ಕಾಕಾ,

ನೀವು ತೀರಿಕೊಂಡ ಮೇಲಿನ ಮೊದಲ ಆಯುಧಪೂಜೆ ಇವತ್ತು ಮುಗಿಯಿತು. ಪೀಣ್ಯದ ನಮ್ಮ ಶೆಡ್ಡಿಗೆ ಈಗ ನಾನೇ ಮ್ಯಾನೇಜರ್. ಹೊಸ ಮಷಿನ್ನಿಗೆ ಮೊದಲು ಪೂಜೆ ಮಾಡಿ ಎಂದು ಮಾಲೀಕರು ತಟ್ಟೆ ಕೊಟ್ಟರು. ನಾನು ಮೂಲೆಯಲ್ಲಿದ್ದ, ನೀವು ಕಬ್ಬಿಣ ಕಡೆಯುತ್ತಿದ್ದ ಹಳೆಯ ಲೇತಿನ ಹತ್ತಿರ ಹೋದೆ. ಎಲ್ಲರೆದುರು ಸೆರಗು ಸಿಕ್ಕಿಸಿಕೊಂಡು, ನಾನೇ ಅದನ್ನು ಒರೆಸಿ ಕುಂಕುಮ ಇಟ್ಟೆ. ಯಾರು ಏನೆಂದುಕೊಂಡರೂ ಸರಿ, ನಾನು ಕೆಲಸ ಕಲಿತದ್ದು ಅದರ ಮೇಲೆ, ನಿಮ್ಮಿಂದ. ಮೊದಲ ಪೂಜೆ ಅದಕ್ಕೇ ಸಲ್ಲಬೇಕಿತ್ತು.

ಕಸ ಗುಡಿಸುವ ಮರೆವ್ವ ನಕ್ಕಳು. "ಕಾಕಾ ಇದ್ದಿದ್ರ, 'ತಂಗಿ, ಕೆಳಗೂ ಒರಸು' ಅಂತಿದ್ರು ನೋಡ್ರಿ ಮೇಡಂ."

ಅನ್ನುತ್ತಿರಲಿಲ್ಲ. ನಾನು ಸೂಪರ್‌ವೈಸರ್ ಆದ ದಿನವೇ ನೀವು ತಂಗಿ ಎನ್ನುವುದನ್ನು ಬಿಟ್ಟು ಮೇಡಂ ಎಂದಿರಿ. ನಾನು ಬೇಡ ಎನ್ನಲಿಲ್ಲ.

ತಂಗಿ