ಒಂದೇ ಸೆನ್ಸರಿನ ಪರೀಕ್ಷೆ

ಮಾತು ಬಿಟ್ಟು ಕೂತಿರುವ ನನ್ನ ಯಜಮಾನರಿಗೆ,

ಎದುರು ನಿಂತು ಹೇಳಲು ಹೋದರೆ ನಾನು ದನಿ ಏರಿಸುತ್ತೇನೆ, ನೀವು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಸಂಜೆ ಡ್ಯೂಟಿ ಮುಗಿಸಿ ಬಂದು ಟೀ ಕುಡಿಯುವಾಗ ಓದಿ. ಕಾಗದದ ನಡುವೆ ಬಾಯಿ ಹಾಕಲು ನಿಮಗೆ ಆಗುವುದಿಲ್ಲ, ನನಗೆ ಅಷ್ಟು ಸಾಕು.

ಮೊನ್ನೆ ಅತ್ತೆಯ ಮುಂದೆ ನನ್ನನ್ನು ಆಡಿಕೊಂಡಿರಲ್ಲ, "ಇವಳಿಗೆ ಹಳೇ ಡಬ್ಬ ಕಂಡ್ರೆ ಪ್ರಾಣ, ಹೊಸದು ಏನು ಬಂದ್ರೂ ಕೊಂಕು" ಅಂತ. ಅತ್ತೆ ನಕ್ಕರು, ನನಗೆ ಮೈಯೆಲ್ಲ ಉರಿಯಿತು. ಮದುವೆಯಾದಾಗಿನಿಂದ ಈ ಮುಂಬಾಗಿಲ ಕೋಣೆಯಲ್ಲಿ ಊರವರ ಕಂಪ್ಯೂಟರುಗಳನ್ನು ಬಿಚ್ಚಿ ರಿಪೇರಿ ಮಾಡಿಕೊಂಡು ಕೂತವಳು ನಾನು. ಡಬ್ಬದ ಮೇಲೆ ನನಗೆ ಯಾವ ಮೋಹವೂ ಇಲ್ಲ. ಇರುವುದು ಭಯ, ಅದೂ ನಿಮ್ಮ ಜೀವದ್ದು.

ನಿಮ್ಮ ಕೋಲ್ಡ್ ಸ್ಟೋರೇಜಿನಲ್ಲಿ ವಾರದ ರಜೆಯ ದಿನ ನರಪಿಳ್ಳೆ ಇರುವುದಿಲ್ಲ. ಒಳಗಿನ ಹಣ್ಣು ಕೊಳೆಯಬಾರದೆಂದು ಯಂತ್ರಗಳು ಓಡುತ್ತಿರುತ್ತವೆ, ಅವುಗಳ ಜೊತೆ ಕಿವಿಗೆ ಮುಚ್ಚಳ ಹಾಕಿಕೊಂಡು ನೀವೊಬ್ಬರು. ಕೊಳವೆಗಳ ತುಂಬ ಅಮೋನಿಯಾ. ಸ್ವಲ್ಪ ಸೋರಿದರೆ ಕಣ್ಣು ಉರಿಯುತ್ತದೆ, ಜೋರಾಗಿ ಸೋರಿದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಕುಸಿದವನು ಫೋನ್ ಮಾಡಲಾರ. ಅದಕ್ಕೆಂದೇ ಪ್ರತಿ ಕೋಣೆಗೂ ಸೆನ್ಸರ್ ಹಾಕಿ ಆಫೀಸಿನ ಕಂಪ್ಯೂಟರಿಗೆ ಜೋಡಿಸಿದ್ದಾರೆ. ಅನಿಲ ಸೋರಿದರೆ ಆ ಕಂಪ್ಯೂಟರ್ ತಾನಾಗಿ ಮೋಡೆಮ್ ಮೂಲಕ ಹೊರಗೆ ಫೋನ್ ಮಾಡಬೇಕು. ಮೊದಲು ಅಗ್ನಿಶಾಮಕ ಠಾಣೆಗೆ, ಆಮೇಲೆ ಮ್ಯಾನೇಜರ್ ಮನೆಗೆ, ಆಮೇಲೆ ನಮ್ಮ ಮನೆಗೆ. ಎತ್ತಿದವರಿಗೆ ಮೂರು ಉದ್ದನೆಯ ಬೀಪ್ ಕೇಳಿಸಬೇಕು. ಇಷ್ಟೇ ಅದರ ಕೆಲಸ.

ಹಳೆಯ ಮೋಡೆಮ್ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು. ಅದು ಪೂರ್ತಿ ಹಾರ್ಡ್‌ವೇರ್, ಅದರೊಳಗೆ ಅದರದೇ ಚಿಪ್ ಇತ್ತು. ಈ ನಂಬರಿಗೆ ಮಾಡು ಅಂದರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತಿತ್ತು. ಕಂಪ್ಯೂಟರಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಇದೆ ಎಂದು ಕೇಳುತ್ತಲೂ ಇರಲಿಲ್ಲ. ಈಗ ನಿಮ್ಮ ಆಫೀಸಿಗೆ ತಂದಿರುವ ಹೊಸ ಕಂಪ್ಯೂಟರಿನೊಳಗೆ ಬಂದಿರುವ ಕಾರ್ಡು ಹೆಸರಿಗೆ ಮೋಡೆಮ್. ಫೋನ್ ವೈರು ಚುಚ್ಚುವ ತೂತು ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇಲ್ಲ. ಬೀಪ್ ಹೊರಡಿಸುವುದು, ಆ ಕಡೆಯ ಸದ್ದು ಕೇಳುವುದು, ಲೈನ್ ಹಿಡಿದುಕೊಂಡಿರುವುದು ಎಲ್ಲವನ್ನೂ ಒಂದು ಸಾಫ್ಟ್‌ವೇರ್ ಕಂಪ್ಯೂಟರಿನ ಪ್ರೊಸೆಸರಿನಿಂದಲೇ ಮಾಡಿಸುತ್ತದೆ. ಆ ಸಾಫ್ಟ್‌ವೇರ್ ಓಡುವುದು ಒಂದೇ ಆಪರೇಟಿಂಗ್ ಸಿಸ್ಟಮ್‌ನಲ್ಲಿ, ನಿಮ್ಮ ಅಲಾರಂ ಪ್ರೋಗ್ರಾಂ ಬರೆದದ್ದು ಇನ್ನೊಂದಕ್ಕೆ. ಕಂಪ್ಯೂಟರ್ ಮಾರಿದವನು ಕಾರ್ಡಿನ ಸಲುವಾಗಿ ಆಪರೇಟಿಂಗ್ ಸಿಸ್ಟಮ್ ಬದಲಿಸಿ, ಹಳೆಯ ಪ್ರೋಗ್ರಾಮನ್ನು ಅದರ ಮೇಲೆ ಹೇಗೋ ಒಗ್ಗಿಸಿ ಕೂರಿಸಿ ಹೋದ. ಮ್ಯಾನೇಜರ್ ಅವನ ಬೆನ್ನು ತಟ್ಟಿದರಂತೆ, ನೀವೂ ತಟ್ಟಿರುತ್ತೀರಿ.

ಒಬ್ಬಳೇ ಸೊಸೆಯ ಕೈಗೆ ಅಡುಗೆ, ಬಟ್ಟೆ, ಮಗು, ಬಂದ ನೆಂಟರು ಎಲ್ಲವನ್ನೂ ಕೊಟ್ಟ ಹಾಗಾಗಿದೆ ಆ ಪ್ರೊಸೆಸರಿನ ಪಾಡು. ಮನೆ ತಣ್ಣಗಿರುವ ದಿನ ಹೇಗೋ ನಡೆಯುತ್ತದೆ. ಎಲ್ಲರೂ ಒಟ್ಟಿಗೆ ಕೂಗಿದ ದಿನ ಯಾವುದೋ ಒಂದು ಕೆಲಸ ಕೈಬಿಡಲೇಬೇಕು. ಅಲ್ಲಿ ಕೈಬಿಡುವುದು ಫೋನನ್ನು.

ನೀವು ವಾರ ವಾರ ಪರೀಕ್ಷೆ ಮಾಡುತ್ತೀರಿ, ಗೊತ್ತು. ರಜೆಯ ಮರುದಿನ ಬೆಳಿಗ್ಗೆ ಬಟ್ಟೆಯ ತುಂಡನ್ನು ಅಮೋನಿಯಾ ನೀರಿನಲ್ಲಿ ಅದ್ದಿ ಬಾಗಿಲ ಪಕ್ಕದ ಸೆನ್ಸರಿಗೆ ಹಿಡಿಯುತ್ತೀರಿ. ಅದೊಂದಕ್ಕೇ. ಎಲ್ಲವನ್ನೂ ಎಬ್ಬಿಸಿದರೆ ಕೂಲಿಯವರು ಹೆದರಿ ಹೊರಗೋಡುತ್ತಾರೆ, ಅರ್ಧ ದಿನದ ಕೆಲಸ ಕೆಡುತ್ತದೆ ಅಂತ. ಒಂದೇ ಸೆನ್ಸರ್ ಕೂಗಿದಾಗ ಪ್ರೊಸೆಸರಿಗೆ ಬೇಕಾದಷ್ಟು ಬಿಡುವು. ಇಲ್ಲಿ ಫೋನ್ ಎತ್ತಿದರೆ ಮೂರು ಬೀಪ್ ಸಲೀಸಾಗಿ ಕೇಳಿಸುತ್ತವೆ. ಆದರೆ ಹೋದ ವಾರ ಮೂರನೆಯದು ಒಡೆದು ಚೂರು ಚೂರಾಗಿ ಬಂತು. ಯಾಕೆ ಅಂತ ಕೇಳಿದ್ದಕ್ಕೆ ನೀವೇ ಹೇಳಿದಿರಿ, ಆ ಹೊತ್ತಿಗೆ ಗುಮಾಸ್ತ ಏನೋ ಪ್ರಿಂಟ್ ಹಾಕುತ್ತಿದ್ದನಂತೆ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತುಹೋಯಿತು. ಒಂದು ಪ್ರಿಂಟಿಗೆ ಕುಂಟುವ ಮೋಡೆಮ್, ಎಲ್ಲ ಕೋಣೆಗಳ ಸೆನ್ಸರೂ ಒಮ್ಮೆಲೇ ಬಡಿದುಕೊಂಡರೆ ಏನಾದೀತು? ಒಂದು ಸಲ ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಿ ಎಂದೆ. ನೀವು ಅನ್ನ ಕಲಸುತ್ತಾ, "ಎಲ್ಲಾ ಒಟ್ಟಿಗೆ ಯಾವತ್ತು ಹೊಡೆಯುತ್ತೆ, ನೀನೇ ಹೇಳು" ಅಂದಿರಿ.

"ನೀವು ಒಳಗೆ ಬಿದ್ದಿರೋ ದಿನ" ಅಂದುಬಿಟ್ಟೆ. ತಟ್ಟೆ ಸರಿಸಿ ಎದ್ದಿರಿ. ಅಂದಿನಿಂದ ಈ ಮೌನ.

ಆ ಮಾತು ನನ್ನ ಬಾಯಿಂದ ಬರಬಾರದಿತ್ತು ಅನ್ನುತ್ತಾರೆ ಅತ್ತೆ. ಇರಬಹುದು. ಆದರೆ ರಜೆಯ ದಿನ ನೀವು ಅತ್ತ ಹೊರಟ ಮೇಲೆ ನಾನು ಹೇಗಿರುತ್ತೇನೆಂದು ಯಾರೂ ಕೇಳಿಲ್ಲ. ನೀವೆಲ್ಲ ಫೋನ್ ಬರಲಿಲ್ಲ ಅಂದರೆ ಕ್ಷೇಮ ಎಂದು ಲೆಕ್ಕ ಹಾಕುತ್ತೀರಿ. ಫೋನ್ ಬಾರದಿರಲು ಇನ್ನೊಂದು ಕಾರಣವೂ ಇರಬಹುದೆಂದು ನನಗೊಬ್ಬಳಿಗೆ ಗೊತ್ತಿದೆ. ಕುಕ್ಕರ್ ಕೂಗಿದರೂ ಫೋನ್ ಹತ್ತಿರ ಓಡುತ್ತೇನೆ. ಸಂಜೆ ನಿಮ್ಮ ಅಂಗಿಯ ಆ ಅಮೋನಿಯಾ ಘಾಟು ಮೂಗಿಗೆ ಬಡಿದಾಗಲೇ ನನಗೆ ಸರಿಯಾಗಿ ಉಸಿರಾಡಲು ಆಗುವುದು. ಇದನ್ನು ನಿಮಗೆ ಯಾವತ್ತೂ ಹೇಳಿಲ್ಲ. ಹೇಳಿದರೆ ಎಲ್ಲಿ ತಲೆ ಮೇಲೆ ಕೂರುತ್ತೀರೋ ಅಂತ ಸುಮ್ಮನಿದ್ದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪೂರ್ತಿ ಹಾರ್ಡ್‌ವೇರಿನ ಮೋಡೆಮ್ ಒಂದನ್ನು ಹೊಂದಿಸಿಟ್ಟಿದ್ದೇನೆ. ಹೊಸ ಕಂಪ್ಯೂಟರಿಗೇ ಹಿಂದಿನಿಂದ ಚುಚ್ಚಿದರಾಯಿತು, ಅದು ಯಾರ ಹಂಗಿನಲ್ಲೂ ಇರುವುದಿಲ್ಲ. ನಾಳೆ ನನ್ನನ್ನು ಕರೆದುಕೊಂಡು ಹೋಗಿ. ಮ್ಯಾನೇಜರಿಗೆ ನಾನೇ ಹೇಳುತ್ತೇನೆ, ನೀವು ಪಕ್ಕದಲ್ಲಿ ನಿಂತರೆ

ಫೋನ್ ಬಂದಿತ್ತು, ಎದ್ದು ಹೋದೆ. ಎತ್ತಿದರೆ ಅರ್ಧ ಬೀಪ್, ಆಮೇಲೆ ಸತ್ತ ಲೈನ್. ಇಟ್ಟು ತಿರುಗುವಷ್ಟರಲ್ಲಿ ಮತ್ತೆ ಬಂತು, ಈ ಸಲ ಅಷ್ಟೂ ಇಲ್ಲ, ಬರೀ ಕಿರುಗುಟ್ಟಿ ಕಡಿದುಹೋಯಿತು. ಇವತ್ತು ರಜೆ. ಪರೀಕ್ಷೆ ಇರುವುದು ನಾಳೆ.

ಕೋಲ್ಡ್ ಸ್ಟೋರೇಜಿಗೆ ಮಾಡಿದೆ, ಎಂಗೇಜ್. ಮತ್ತೆ ಮಾಡಿದೆ, ಎಂಗೇಜ್. ಇರುವುದು ಒಂದೇ ಲೈನು, ಅದನ್ನು ಆ ಕಾರ್ಡು ಹಿಡಿದುಕೊಂಡು ಒಂದೊಂದೇ ನಂಬರಿಗೆ ಮಾಡುತ್ತಿದೆ, ಯಾರಿಗೂ ಏನೂ ಹೇಳಲಾಗದೆ ಬೀಳಿಸುತ್ತಿದೆ. ಮ್ಯಾನೇಜರ್ ಮನೆಯಲ್ಲಿ ಎತ್ತುವವರಿಲ್ಲ. ಅಗ್ನಿಶಾಮಕ ಠಾಣೆಗೆ ಮಾಡಿ ಹೇಳಿದರೆ, ಅಲ್ಲಿದ್ದವನು ಸಮಾಧಾನವಾಗಿಯೇ ಕೇಳಿಸಿಕೊಂಡ. ಅಲಾರಂ ಅಂದ್ರೆ ಮೂರು ಬೀಪ್ ಬರಬೇಕಮ್ಮ, ನಮಗೆ ಯಾವುದೋ ಕಟ್ ಆಗೋ ಕಾಲ್ ಬಂತು ಅಷ್ಟೇ, ಅಂದ. ವಿಚಾರಿಸಿ ಹೇಳುತ್ತೇನೆಂದು ಇಟ್ಟ. ತಿರುಗಿ ಅವನೇ ಮಾಡಿದ.

"ಅಲ್ಲಿ ಲೈನ್ ಎಂಗೇಜ್ ಇದೆ ಕಣಮ್ಮ. ಅಂದ್ರೆ ಯಾರೋ ಮಾತಾಡ್ತಿದ್ದಾರೆ ಅಂತ ತಾನೇ? ನಿಮ್ಮ ಯಜಮಾನ್ರು ಚೆನ್ನಾಗೇ ಇದ್ದಾರೆ ಬಿಡಿ."

ಕೂಗಾಡಿ, ಅತ್ತು, ಬೈದು, ಕೊನೆಗೆ ಗಾಡಿ ಕಳಿಸುತ್ತೇನೆ ಅನ್ನಿಸಿಕೊಂಡೆ. ಕಳಿಸಿದನೋ ಇಲ್ಲವೋ ದೇವರಿಗೇ ಗೊತ್ತು. ಪಕ್ಕದ ಮನೆಯವರು ವ್ಯಾನ್ ಹೊರಗೆ ತೆಗೆಯುತ್ತಿದ್ದಾರೆ, ಅಷ್ಟರಲ್ಲಿ ನಿಂತುಕೊಂಡೇ ಇದನ್ನು ಗೀಚುತ್ತಿದ್ದೇನೆ. ನೀವು ಹೊರಗೋಡಿ ಬಂದು, ಇನ್ನೊಂದು ದಾರಿಯಲ್ಲಿ ಮನೆ ಸೇರಿದರೆ ನಾನು ಎಲ್ಲಿ ಅಂತ ಹುಡುಕಬಾರದಲ್ಲ, ಅದಕ್ಕೆ. ಅತ್ತೆಗೆ ಇನ್ನೂ ಹೇಳಿಲ್ಲ, ನೀವು ಬಂದರೆ ಮೊದಲು ಅವರಿಗೆ ಮುಖ ತೋರಿಸಿ. ಫೋನ್ ಮತ್ತೆ ಹೊಡೆಯುತ್ತಿದೆ, ನಾನು ಎತ್ತುವುದಿಲ್ಲ. ಅದು ಹೊಡೆಯುತ್ತಿರುವಷ್ಟು ಹೊತ್ತೂ ಒಳಗೆ ಅನಿಲ ಇದೆ ಅಂತಲೇ ಅರ್ಥ.

ನನ್ನ ಮಾತು ಸುಳ್ಳಾಗಲಿ. ಜನ್ಮವಿಡೀ ಅದನ್ನೇ ಎತ್ತಿ ಆಡಿ, ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ಎಲ್ಲಿದ್ದರೂ ಚೆನ್ನಾಗಿರಿ, ದಮ್ಮಯ್ಯ, ಚೆನ್ನಾಗಿರಿ.

ಹೊರಟೆ,
ನಿಮ್ಮ ಜಗಳಗಂಟಿ