ಮೂರನೆಯ ಕಾಫಿ

ವೆಲ್ಡನ್ ಫಾಲ್ಸ್,
ಮಾರ್ಚ್ ೯, ಭಾನುವಾರ

ಹಟಮಾರಿ ಎಕ್ರೆಮ್‌ಗೆ, ಇನ್ನೂ ನಿನ್ನ ಹೆಂಡತಿಯೇ ಆಗಿರುವ ಝುಮ್ರಾಳ ಸಲಾಮು.

ನಾನು ಚೆನ್ನಾಗಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಬೇಕರಿಯ ಈ ಪೆನ್ನು ಸರಿಯಿಲ್ಲ. ಜೈಲಿನಲ್ಲಿ ಪತ್ರಗಳನ್ನು ಒಡೆದು ಓದುತ್ತಾರಂತೆ. ಓದಲಿ ಬಿಡು, ನಮ್ಮ ಬೋಸ್ನಿಯನ್ ಭಾಷೆಯ ಜೊತೆ ತಲೆ ಚಚ್ಚಿಕೊಳ್ಳಲಿ.

ಕಂಪನಿಯ ವಕೀಲ ನಿನ್ನನ್ನು ನೋಡಲು ಬಂದಿದ್ದನೆಂದು ಗೊತ್ತು. ಇವತ್ತು ನನ್ನ ಮನೆಗೂ ಬಂದಿದ್ದ. ನೀನು ಅವನ ಕಾಗದಕ್ಕೆ ಸಹಿ ಹಾಕಿದರೆ ನಿನ್ನಿಂದ ಪೆಟ್ಟು ತಿಂದ ಕಾವಲುಗಾರ ದೂರು ಹಿಂತೆಗೆದುಕೊಳ್ಳುತ್ತಾನೆ, ಕಾರ್ಖಾನೆಯ ಕೆಲಸವೂ ಮರಳಿ ಸಿಗುತ್ತದೆ ಎಂದ. ಹೆಂಡತಿಯೇ ಮೊದಲು ಕಾವಲುಗಾರನ ಮೇಲೆ ಬಿದ್ದಳು, ಅವಳಿಗೆ ಯಾವ ಪೆಟ್ಟೂ ಆಗಲಿಲ್ಲ, ನಾನೇ ತಪ್ಪು ತಿಳಿದೆ ಎಂದು ನಿನ್ನ ಬಾಯಲ್ಲೇ ಹೇಳಿಸುವ ಒಕ್ಕಣೆಯಂತೆ. ಮಂಗಳವಾರ ಸಂಜೆ ನಗರಸಭೆ ಮತ್ತೆ ಸೇರುತ್ತದೆ. ಫಿರಂಗಿಯ ಷೆಲ್ ಮಾಡುವ ಕಾರ್ಖಾನೆಗೆ ತೆರಿಗೆ ಮಾಫಿ ಬೇಡ ಎನ್ನುವವರೆಲ್ಲ ಪುಂಡರು ಎಂದು ಅಲ್ಲಿ ನಿನ್ನ ಸಹಿ ತೋರಿಸಿಯೇ ಹೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನೀನು ನೋಡಿದ್ದು ಅರ್ಧ ಮಾತ್ರ.

ಹಿಂದಿನ ಸಭೆಗೆ ಮೊದಲು ನಮ್ಮ ವಾರ್ಡಿನ ಸದಸ್ಯ ಪೆಲ್ಕಿ ಮನೆಗೆ ಬಂದಿದ್ದ. ಬೋಸ್ನಿಯಾದಿಂದ ಓಡಿ ಬಂದ ನಮಗೆ ಇಲ್ಲಿ ಮನೆ ಹುಡುಕಿಕೊಟ್ಟವನು ಅವನೇ, ಈಗ ಷೆಲ್ ಮಾಡುವವರ ತೆರಿಗೆ ಮನ್ನಾ ಮಾಡುವವನೂ ಅವನೇ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಜಾತಿ. "ನೋಡಿ ಝುಮ್ರಾ, ತೆರಿಗೆ ಬಿಡ್ಲಿಲ್ಲ ಅಂದ್ರೆ ಅವ್ರು ಬೇರೆ ಊರಿಗೆ ಹೋಗ್ಬಿಡ್ತಾರೆ," ಎಂದ. "ಹೋಗ್ಲಿ ಬಿಡಪ್ಪ. ಸಾವು ತಾನಾಗೇ ಊರು ಬಿಟ್ಟು ಹೋಗ್ತೀನಿ ಅಂದ್ರೆ ಕಾಲಿಗೆ ಬಿದ್ದು ತಡೆಯೋರು ನೀವೇ ಮೊದಲು," ಎಂದೆ. "ನನ್ನ ರೊಟ್ಟಿ ಒಲೆಗೆ ತೆರಿಗೆ ಉಂಟು, ಅವರ ಕುಲುಮೆಗೆ ಇಲ್ವಾ?" ಎಂದೂ ಕೇಳಿದೆ. ಅವನು ನಕ್ಕ.

ಮದುವೆಯಾದ ಮಾರನೆಯ ದಿನ ನಿನ್ನ ಅಮ್ಮ ನನ್ನನ್ನು ಒಲೆಯ ಮುಂದೆ ನಿಲ್ಲಿಸಿ ಕಲಿಸಿದ್ದು ನೆನಪಿದೆಯಾ? ಮೊದಲನೆಯದು ಬಾ ಎನ್ನುವ ಕಾಫಿ, ಎರಡನೆಯದು ಮಾತಿನ ಕಾಫಿ, ಮೂರನೆಯದು ಇನ್ನು ಎದ್ದು ಹೊರಡು ಎನ್ನುವ ಕಾಫಿ. ಪೆಲ್ಕಿಗೆ ಬೇಗ ಬೇಗ ಮೂರನ್ನೂ ಕೊಟ್ಟೆ. ಮೂರನೆಯದನ್ನು ಚಪ್ಪರಿಸಿ ಕುಡಿದು, "ಎಷ್ಟು ಉಪಚಾರ ಮಾಡ್ತೀರಿ!" ಎಂದು ನಾಲ್ಕನೆಯದನ್ನು ಕೇಳಿದ, ಮಹರಾಯ.

ಸಭೆಯ ದಿನ ಮೆರಿಮಾಳ ಚೂರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದೆ. ಯುದ್ಧದ ದಿನಗಳಲ್ಲಿ ನೀರಿನ ಸಾಲಿನಲ್ಲಿ ನನ್ನ ಲಂಗದ ಅಂಚು ಹಿಡಿದು ನಿಂತಿದ್ದ ನಮ್ಮ ಮಗಳ ಕೊರಳಿನಿಂದ ನಾನೇ ಈ ಬೆರಳುಗಳಿಂದ ಕಿತ್ತ ಷೆಲ್ಲಿನ ಚೂರು. ಅಂದು ಆ ಬೀದಿಯಲ್ಲಿ ಹರಿದದ್ದು ನೀರೋ ರಕ್ತವೋ ತಿಳಿಯದಂತಾಗಿತ್ತು. ಬಿಂದಿಗೆ ಎತ್ತಿಕೊಳ್ಳಲು ಬಾಗಿದವರು ಬಾಗಿದಂತೆಯೇ ಸತ್ತಿದ್ದರು. ಆ ಚೂರನ್ನು ಸದಸ್ಯರ ಮೇಜಿನ ಮೇಲಿಟ್ಟು, ನೀವು ಯಾವುದರ ತೆರಿಗೆ ಬಿಡುತ್ತಿದ್ದೀರಿ ನೋಡಿ ಎಂದು ಹೇಳಬೇಕೆಂದಿದ್ದೆ, ಅಷ್ಟೇ.

ಬಾಗಿಲಿನಲ್ಲಿದ್ದ ಲೋಹ ಹುಡುಕುವ ಯಂತ್ರ ಕಿರುಚಿತು. "ಏನದು? ಬಿಚ್ಚು!" ಎಂದ ಕಾವಲುಗಾರ. ಬಿಚ್ಚಿದೆ. "ಆಯುಧ!" ಎಂದು ಕೂಗಿಕೊಂಡ. ಅದು ನನ್ನ ಮಗಳದ್ದು ಎಂದು ಮುಷ್ಟಿ ಮುಚ್ಚಿದೆ. ಅವನು ಮಣಿಕಟ್ಟು ಹಿಡಿದು ತಿರುಚಿದ, ಇನ್ನೊಬ್ಬ ನನ್ನನ್ನು ಕೆಡವಿ ಬೆನ್ನಿಗೆ ಮೊಣಕಾಲು ಊರಿದ. ಮುಖ ನೆಲಕ್ಕೆ ಬಡಿದು ಬಾಯಿ ತುಂಬ ರಕ್ತ ಬಂತು. ಎಲ್ಲೋ ಏನೋ ಲಟಕ್ಕೆಂದಿತು, ಕುರ್ಚಿಯ ಕಾಲಿರಬೇಕು.

ಅಲ್ಲಿಂದಲೇ ನಿನ್ನನ್ನು ಕಂಡೆ. ಕಂಪನಿ ಬಸ್ಸಿನಲ್ಲಿ ತುಂಬಿ ತಂದಿದ್ದ ಹಳದಿ ಅಂಗಿಯ ಕಾರ್ಮಿಕರ ಮುಂದಿನ ಸಾಲಿನಲ್ಲಿ, ನೀನು ಕೈಯಲ್ಲಿ ಅವರು ಕೊಟ್ಟ ಸ್ಯಾಂಡ್‌ವಿಚ್ ಹಿಡಿದು ಕೂತಿದ್ದೆ. ಕಳೆದ ಶರತ್ಕಾಲದಲ್ಲಿ ನೀನು ಆ ಕಾರ್ಖಾನೆ ಸೇರಿದ ದಿನ ನಿನ್ನ ಹಾಸಿಗೆಯನ್ನು ಮೆಟ್ಟಿಲಿಗೆ ಎಸೆದವಳು ನಾನು, ಸಾರಿನ ಪಾತ್ರೆಯನ್ನು ಗೋಡೆಗೆ ಅಪ್ಪಳಿಸಿ ಹೋದವನು ನೀನು. ಅಂಥ ನೀನು ಸ್ಯಾಂಡ್‌ವಿಚ್ ಬಿಸುಟು, ಕುರ್ಚಿ ಎತ್ತಿ ಬಂದು ಮಣಿಕಟ್ಟು ತಿರುಚಿದ ಆ ಕಾವಲುಗಾರನ ಮುಖಕ್ಕೆ ಬೀಸಿದೆ. ಮತ್ತೆ ಬೀಸಿದೆ. ಅವನ ಹಲ್ಲುಗಳು ನನ್ನ ಕಣ್ಣ ಮುಂದೆಯೇ ಉದುರಿದವು, ನಿನ್ನ ಹಳದಿ ಅಂಗಿ ಕೆಂಪಾಯಿತು. ಯುದ್ಧ ಮುಗಿದಂದಿನಿಂದ ಇನ್ನು ರಕ್ತ ಬೇಡ ಎಂದು ಊರೆಲ್ಲ ಹೇಳಿಕೊಂಡು ತಿರುಗುವವಳು ನಾನು. ಆ ಗಳಿಗೆಯಲ್ಲಿ ನನ್ನ ಎದೆ, ಇನ್ನೊಂದು ಕೊಡು ಎಂದಿತು. ನಾಚಿಕೆಯಾಗುತ್ತದೆ, ಆದರೆ ಸುಳ್ಳು ಬರೆಯಲಾರೆ.

ಚೂರು ಈಗ ಪೊಲೀಸರ ಬಳಿ ಇದೆ. ಚೀಲದ ಮೇಲೆ ಆಯುಧ ಎಂದು ಬರೆದಿದ್ದಾರಂತೆ. ಚೂರಾದರೆ ಆಯುಧ, ಇಡಿಯಾಗಿದ್ದರೆ ಉದ್ಯೋಗ! ಉರಿವ ಮನೆಯಲ್ಲಿ ಗಳ ಹಿರಿಯುವವರ ನ್ಯಾಯ ಹೀಗೇ ಇರುತ್ತದೆ.

ಸಹಿ ಹಾಕಬೇಡ ಎಂದು ನಾನು ಹೇಳುವುದಿಲ್ಲ. ಜೈಲಿನ ಚಳಿ ನಿನ್ನ ಮಂಡಿಗೆ ಆಗುವುದಿಲ್ಲವೆಂದು ಗೊತ್ತು. ನೀನು ಏನು ಮಾಡಿದರೂ ಮಂಗಳವಾರ ನಾನು ಹೋಗುತ್ತೇನೆ. ಮೇಜಿನ ಮೇಲಿಡಲು ಚೂರಿಲ್ಲ, ಮಾತಿದೆ. ಸೋತರೂ ಹೇಳಿಯೇ ಸೋಲುತ್ತೇನೆ. ನೀನು ಬಾ, ನಿನ್ನ ಹಾಸಿಗೆಯನ್ನು ಒಳಗೆ ತಂದು ಹಾಕಿದ್ದೇನೆ.

ನಿನ್ನ,
ಝುಮ್ರಾ

ಮರೆತ ಮಾತು: ಇವತ್ತು ಬಂದ ವಕೀಲನಿಗೆ ಒಂದೇ ಕಾಫಿ ಕೊಟ್ಟೆ, ನೇರವಾಗಿ ಮೂರನೆಯದು. ಅದನ್ನು ಕಾಯಿಸಲು ಬಹಳ ಹೊತ್ತು ಹಿಡಿಯಿತು. ಹೆಂಡತಿಗೆ ಯಾವ ಪೆಟ್ಟೂ ಆಗಲಿಲ್ಲ ಎಂಬ ಸಾಲಿನ ಕೆಳಗೆ ನಿನ್ನ ಹೆಸರು ಬರೆಯುವ ಮುನ್ನ ಇದೊಂದು ತಿಳಿದಿರಲಿ, ಎಕ್ರೆಮ್. ಪೆನ್ನು ಸರಿಯಾಗಿಯೇ ಇದೆ. ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿದೆ, ಇದನ್ನೆಲ್ಲ ಎಡಗೈಯಲ್ಲಿ ಬರೆದಿದ್ದೇನೆ.