ಹುರುಳಿ ಹೊಟ್ಟು

೧೮-೧-೧೯೬೭, ಬುಧವಾರ, ಮುಳ್ಳೂರು

ಅವ್ವನ ಏದುಸಿರು ಇನ್ನೂ ಕಿವಿಯಲ್ಲೇ ಇದೆ. ಉಬ್ಬಸ ಜೋರಾಯಿತೆಂದು ಕೊಳ್ಳೇಗಾಲದ ಆಸ್ಪತ್ರೆಗೆ ಕಾರಿನಲ್ಲಿ ಹೊರಟರೆ ಅರ್ಧ ದಾರಿಯಲ್ಲೇ ಎಂಜಿನ್ ಕಾದು ಹಬೆ ಎದ್ದಿತು. ರೇಡಿಯೇಟರಿಗೆ ಬೆಳಿಗ್ಗೆಯಷ್ಟೇ ನೀರು ತುಂಬಿದ್ದೆ. ಫ್ಯಾನ್ ಬೆಲ್ಟು ಬಿಗಿಯಾಗಿತ್ತು, ಎಲ್ಲೂ ಸೋರಿರಲಿಲ್ಲ. ಈ ಹಳೇ ಗಾಡಿ ಮಾರಿದವನನ್ನು ಬಾಯಿಗೆ ಬಂದಂತೆ ಬೈದೆ.

ನನ್ನ ಹೆಂಡತಿ ಶಿವರತ್ನ ಇಳಿದು ಬಂದು ಮುಂದಿನ ಜಾಲರಿಯೊಳಗೆ ಬಗ್ಗಿ ನೋಡಿದಳು.

"ಗಾಳಿ ಎಂಗಾಡದು? ಬರೀ ಹುಳ್ಳಿ ಹೊಟ್ಟು ಮೆತ್ಕಂಡದೆ ಕಣ್ರೀ. ರೋಡ್ನಲ್ಲಿ ಹರಡಬ್ಯಾಡಿ ಅಂದ್ರೆ ಕೇಳುದ್ರಾ?"

ಮೂರು ದಿನದಿಂದ ಮನೆ ಮುಂದಿನ ರಸ್ತೆಗೆ ಹುರುಳಿ ಗಿಡ ಹರಡಿಸಿದವನು ನಾನೇ. ಬಸ್ಸು, ಲಾರಿಗಳೇ ತುಳಿದು ಒಕ್ಕುತ್ತವೆ, ಎತ್ತು ಯಾಕೆ ಎಂದು ಜಂಭ ಕೊಚ್ಚಿದ್ದೆ. ದಿನಾ ಅದರ ಮೇಲೆಯೇ ಕಾರನ್ನೂ ಓಡಿಸಿದ್ದೆ.

ಅವಳ ತಲೆಪಿನ್ನಿನಿಂದ ಹೊಟ್ಟು ಕೆದಕಿ ತೆಗೆದೆವು. ಎಂಜಿನ್ ಆರುವವರೆಗೂ ಅವ್ವನ ಎದೆ ಏರಿಳಿಯುವುದನ್ನೇ ನೋಡುತ್ತಾ ನಿಂತಿದ್ದೆ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ತಹಬಂದಿಗೆ ಬಂತು. "ಮನೆ ಹತ್ರ ಧೂಳೇನಾದ್ರೂ ಎದ್ದಿತ್ತಾ?" ಎಂದು ಡಾಕ್ಟರು ಕೇಳಿದರು. ಶಿವರತ್ನ ನನ್ನ ಮುಖ ನೋಡಿದಳು.

ನಾನು ಇಲ್ಲ ಎಂದುಬಿಟ್ಟೆ.

ಅವ್ವನನ್ನು ಮನೆಗೆ ಕರೆತಂದು ಒಳಗೆ ಮಲಗಿಸಿದ್ದೇವೆ. ಹುರುಳಿ ಇನ್ನೂ ರಸ್ತೆಯಲ್ಲೇ ಇದೆ. ಈಗಷ್ಟೇ ಲಾರಿಯೊಂದು ಅದರ ಮೇಲೆ ಹಾದುಹೋಯಿತು, ಒಳಗೆ ಕೆಮ್ಮು…